ಒಗ್ಗರಣೆ ಡಬ್ಬಿಯೊಳಗಿನ ಚರೆ

ಇರುವೆಗೆ ದಾರಿ ಬಿಟ್ಟು ನಡೆಯುವ ಮನುಷ್ಯನೊಬ್ಬ ಬಂದೂಕಿನ ತೋಟಾಗಳ ವಿಷಯದಲ್ಲಿ ಇಡೀ ಟೆಕ್ಸಸ್ ರಾಜ್ಯಕ್ಕೇ ಪಾಠ ಹೇಳಬಲ್ಲ ಎಂದರೆ ನೀವು ನಂಬುತ್ತೀರಾ? ನಂಬಬೇಡಿ. ನಾನೂ ಮೊದಲು ನಂಬಿರಲಿಲ್ಲ. ಆದರೆ ಆ ಮನುಷ್ಯ ನನ್ನ ಅಕ್ಕನ ಗಂಡ. ನಂಬದೆ ನನಗೆ ಬೇರೆ ಗತಿ ಇರಲಿಲ್ಲ!

ನಮ್ಮ ಭಾವ ಧಾರವಾಡದವರು. ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಕೇಟಿಯಲ್ಲಿ ಮನೆ. ಎಣ್ಣೆ ಕಂಪನಿಯೊಂದರಲ್ಲಿ ಪೈಪುಗಳ ಒತ್ತಡ ಲೆಕ್ಕ ಹಾಕುವ ಎಂಜಿನಿಯರು. ಏಕಾದಶಿ ತಪ್ಪಿಸುವವರಲ್ಲ, ಬೆಳ್ಳುಳ್ಳಿ ಮುಟ್ಟುವವರಲ್ಲ. ಮನೆಯಲ್ಲಿ ಜಿರಳೆ ಕಂಡರೆ ಅದನ್ನು ಹಳೆಯ ಪೇಪರಿನ ಮೇಲೆ ಹತ್ತಿಸಿಕೊಂಡು ಹಿತ್ತಲಿನ ಬೇಲಿಯವರೆಗೆ ನಡೆದು, “ಹೋಗಪಾ, ಮತ್ತ ಬರಬ್ಯಾಡ” ಎಂದು ಬೀಳ್ಕೊಟ್ಟು ಬರುತ್ತಾರೆ. ಅವರು ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ಅದು ಅಡುಗೆಮನೆಯಲ್ಲಿ ಹಾಜರಿರುತ್ತದೆ ಎನ್ನುವುದು ಅಕ್ಕನ ದೂರು.

ಏನನ್ನಾದರೂ ಕೊಳ್ಳುವುದಿದ್ದರೆ ಮಾತ್ರ ಭಾವನಿಗೆ ದೆವ್ವ ಮೆಟ್ಟಿಕೊಳ್ಳುತ್ತದೆ. ಒಮ್ಮೆ ಹಾಸಿಗೆ ಕೊಳ್ಳಲು ಹೊರಟವರು ಹ್ಯೂಸ್ಟನ್ನಿನ ಅಂಗಡಿ ಅಂಗಡಿಗೂ ಹೋಗಿ ಪ್ರತಿಯೊಂದು ಹಾಸಿಗೆಯ ಮೇಲೂ ಮಲಗಿ ನೋಡಿದರು. ಕೊನೆಗೊಂದು ಅಂಗಡಿಯಲ್ಲಿ ಪರೀಕ್ಷೆ ಎಷ್ಟು ಚೆನ್ನಾಗಿ ಆಯಿತೆಂದರೆ, ಬಾಗಿಲು ಹಾಕುವ ಹೊತ್ತಿಗೆ ಕೆಲಸದವರು ಬಂದು ಅಲುಗಾಡಿಸಿ ಎಬ್ಬಿಸಬೇಕಾಯಿತು. ಎದ್ದವರು ಕಣ್ಣುಜ್ಜಿಕೊಂಡು, “ಸ್ವಲ್ಪ ಗಟ್ಟಿ ಆತು” ಎಂದು ಹೇಳಿ ಬರಿಗೈಯಲ್ಲಿ ಮನೆಗೆ ಬಂದರು.

ಇಂಥವರ ತಲೆಗೆ ತೋಟಾ ಹೊಕ್ಕಿದ್ದು ಹೇಗೆ? ಮಗಳಿಂದ.

ಮಗಳ ಹೆಸರು ಶಾಲ್ಮಲಾ. ಧಾರವಾಡದಲ್ಲಿ ಹುಟ್ಟುವ ಹೊಳೆಯ ಹೆಸರನ್ನು ಭಾವ ಹಟ ಹಿಡಿದು ಇಟ್ಟಿದ್ದರು. ಅಮೆರಿಕದ ಶಾಲೆ ಅದನ್ನು ಕತ್ತರಿಸಿ ‘ಶಾಲ್’ ಮಾಡಿತ್ತು. ಆಗಷ್ಟೇ ಹೈಸ್ಕೂಲಿನ ವಯಸ್ಸಿಗೆ ಬಂದಿದ್ದಳು. ಆ ವಯಸ್ಸಿನ ಮಕ್ಕಳಿಗೆ ಅಪ್ಪ ಎಂದರೆ ಕಾರು ಓಡಿಸುವ ಒಂದು ಯಂತ್ರ, ಅಷ್ಟೆ. ಭಾವ ಕನ್ನಡದಲ್ಲಿ ಉದ್ದವಾಗಿ ಏನೋ ಕೇಳುತ್ತಿದ್ದರು. ಅವಳು ಇಂಗ್ಲಿಷಿನಲ್ಲಿ ಗಿಡ್ಡವಾಗಿ “ಫೈನ್” ಎನ್ನುತ್ತಿದ್ದಳು. ಅಪ್ಪಮಗಳ ಒಂದು ವಾರದ ಸಂಭಾಷಣೆಯನ್ನು ಅಂಚೆಚೀಟಿಯ ಹಿಂದೆ ಬರೆದಿಡಬಹುದಿತ್ತು.

ಅವಳ ಗೆಳತಿಯೊಬ್ಬಳ ಅಜ್ಜನಿಗೆ ಆಸ್ಟಿನ್ನಿನ ಉತ್ತರಕ್ಕೆ, ಲಿಯಾಂಡರಿನ ಆಚೆ, ಹೊಲ ಇತ್ತು. ಬೇಸಿಗೆ ರಜೆ ಶುರುವಾದಾಗ ಶಾಲ್ಮಲಾ ಅಲ್ಲಿಗೆ ಹೋದಳು. ಗಾಳಿಯಲ್ಲಿ ಹಾರಿಸುವ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವುದನ್ನು ಕಲಿತಳು. ಕಲಿತಳೇನು, ಮೊದಲ ದಿನವೇ ಬಿಲ್ಲೆಗಳನ್ನು ಪುಡಿಪುಡಿ ಮಾಡಿದಳಂತೆ! ಅಜ್ಜ ಖುಷಿಯಾಗಿ, ಸೆಪ್ಟೆಂಬರ್ ಒಂದಕ್ಕೆ ಬೆಳವದ ಬೇಟೆಗೆ ಬಾ ಎಂದು ಕರೆದರು. ಬೆಳವ ಎಂದರೆ ನಮ್ಮ ಕಾಡುಪಾರಿವಾಳ. ಟೆಕ್ಸಸ್ಸಿನವರಿಗೆ ಆ ದಿನ ನಮ್ಮ ಯುಗಾದಿಯಷ್ಟೇ ದೊಡ್ಡದು. ಆದರೆ ಹುಡುಗಿ ಹೊಡೆದದ್ದು ದೊಡ್ಡವರ ಬಂದೂಕಿನಿಂದ, ಬಾತುಕೋಳಿಗೆ ಹಾಕುವ ಭಾರಿ ತೋಟಾಗಳಿಂದ. ಬಂದೂಕು ಪ್ರತಿ ಸಲವೂ ಹಿಂದಕ್ಕೆ ಒದ್ದಿತ್ತು. ಮನೆಗೆ ಬಂದಾಗ ಬಲಭುಜ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು.

ಅಕ್ಕ ಅದನ್ನು ನೋಡಿದವಳೇ ತೀರ್ಪು ಕೊಟ್ಟಳು. “ಇನ್ಮೇಲೆ ಬಂದೂಕು ಅಂತ ಬಾಯಿ ಬಿಟ್ರೆ ನೋಡು. ಲಿಯಾಂಡರೂ ಇಲ್ಲ, ಅಜ್ಜನೂ ಇಲ್ಲ.”

ಶಾಲ್ಮಲಾ ರೂಮಿನ ಬಾಗಿಲು ಹಾಕಿಕೊಂಡಳು. ಒಳಗೆ ಅಳುತ್ತಿದ್ದಳು. ಭಾವ ಒಂದು ತಟ್ಟೆ ಒಗ್ಗರಣೆ ಚುರಮರಿ ಹಿಡಿದು ಬಾಗಿಲ ಹೊರಗೆ ನಿಂತರು. ಚುರಮರಿ ಮೆತ್ತಗಾದರೂ ಬಾಗಿಲು ತೆರೆಯಲಿಲ್ಲ. ಬೆಳಿಗ್ಗೆ ಕಾಫಿ ಹೊತ್ತಿಗೆ ಅವರು ಬಂದು ಗಂಭೀರವಾಗಿ ಹೇಳಿದರು. “ತಪ್ಪು ಹುಡುಗೀದಲ್ಲ, ತೋಟಾದ್ದು. ಅಕಿ ಭುಜಕ್ಕ ತಕ್ಕ ತೋಟಾ ನಾ ಆರಿಸಿ ಕೊಡ್ತೀನಿ.”

“ನೀವು? ಜಿರಳೆಗೆ ಬೈ ಬೈ ಹೇಳೋರು?” ಎಂದಳು ಅಕ್ಕ. “ಹಕ್ಕಿ ಹೊಡೆಯೋ ಪಾಪದಲ್ಲಿ ತೋಟಾ ಆರಿಸಿಕೊಟ್ಟವರಿಗೂ ಅರ್ಧ ಪಾಲು ಬರತ್ತೆ, ಗೊತ್ತಾ?”

“ಬರಲಿ ಬಿಡು. ಮಗಳ ಪಾಪ ಅಪ್ಪಗೇ ಬರಬೇಕು. ಪುಣ್ಯ ಹೆಂಗೂ ಅಳಿಯಾಗ ಹೋಗ್ತದ.”

ಅಕ್ಕ ಒಂದು ಷರತ್ತು ಹಾಕಿದಳು. ಮಗಳ ಭುಜದ ಮೇಲೆ ಇನ್ನೊಂದು ಸಲ ಸಣ್ಣ ಕಲೆ ಕಂಡರೂ ಬಂದೂಕಿನ ಮಾತು ಅಲ್ಲಿಗೇ ಮುಗಿಯಬೇಕು, ಜನ್ಮದಲ್ಲಿ ಮತ್ತೆ ಎತ್ತಬಾರದು. ಭಾವ ಒಪ್ಪಿಕೊಂಡರು. ಬಾಗಿಲ ಸಂದಿಯಿಂದ ಶಾಲ್ಮಲಾ ಇದನ್ನೆಲ್ಲ ಕೇಳಿಸಿಕೊಂಡಳು. ಆಸ್ಟಿನ್ನಿನಲ್ಲಿ ಎಂ.ಎಸ್. ಓದುತ್ತಿದ್ದ ನಾನು, ಅಕ್ಕನ ಕೈ ಅಡುಗೆಗಾಗಿ ಶನಿವಾರ ಶನಿವಾರ ಕೇಟಿಗೆ ಓಡಿಬರುತ್ತಿದ್ದವನು, ಏನೂ ತಪ್ಪು ಮಾಡದೆ ಈ ವ್ರತದೊಳಗೆ ಸಿಕ್ಕಿಬಿದ್ದೆ!

ಮೊದಲು ಪಾಠ ನಡೆಯಿತು. ತೋಟಾ ಎಂದರೆ ಹೆಬ್ಬೆರಳಿನ ಗಾತ್ರದ ಒಂದು ಪ್ಲಾಸ್ಟಿಕ್ ಕೊಳವೆ. ಬುಡದಲ್ಲಿ ಮದ್ದು, ಮೇಲೆ ಸೀಸದ ಸಣ್ಣ ಕಾಳುಗಳು. ಆ ಕಾಳಿಗೆ ಚರೆ ಎನ್ನುತ್ತಾರೆ. ಚರೆಯ ನಂಬರು ಹೆಚ್ಚಿದಷ್ಟೂ ಕಾಳು ಸಣ್ಣದು. ನಾಲ್ಕನೇ ನಂಬರು ದಪ್ಪ, ಒಂಬತ್ತು ನುಣ್ಣಗೆ. ಬಂದೂಕಿನ ಬಾಯಿಯೂ ಹಾಗೇ. ಹನ್ನೆರಡು ಎಂದರೆ ಅಗಲ, ಇಪ್ಪತ್ತು ಎಂದರೆ ಚಿಕ್ಕದು.

“ಉಲ್ಟಾ ಅಲ್ವಾ ಭಾವ?” ಎಂದೆ.

“ಈ ದೇಶದಾಗ ಯಾವುದು ಉಲ್ಟಾ ಇಲ್ಲ ಹೇಳು? ಲೈಟಿನ ಸ್ವಿಚ್ ಮ್ಯಾಲೆ ಮಾಡಿದ್ರ ಹತ್ತತದ.”

ಶಾಲ್ಮಲಾಗೆ ಇಪ್ಪತ್ತರ ಚಿಕ್ಕ ಬಂದೂಕೇ ಸರಿ ಎಂದು ಮೊದಲ ವಾರದಲ್ಲಿ ತೀರ್ಮಾನವಾಯಿತು, ಬಂದೂಕೂ ಬಂತು. ಅದಕ್ಕೆ ಹಾಕುವ ತೋಟಾಗಳ ಬಣ್ಣ ಹಳದಿ. ಹನ್ನೆರಡರ ಬಂದೂಕಿಗೆ ಅದು ತಪ್ಪಿಯೂ ಹೋಗಬಾರದು, ಹೋದರೆ ಅಪಾಯ, ಅದಕ್ಕೇ ಈ ಗುರುತು ಎಂದು ಭಾವ ವಿವರಿಸಿದರು. ಅಕ್ಕ ಡಬ್ಬಿಯೊಳಗೆ ಇಣುಕಿ, “ಬಣ್ಣವಾದ್ರೂ ಅರಿಶಿನದ್ದು, ಸದ್ಯ” ಎಂದಳು. ಇಡೀ ಬೇಸಿಗೆಯಲ್ಲಿ ಅವಳು ಬಂದೂಕಿನ ಬಗ್ಗೆ ಆಡಿದ ಮೊದಲ ಒಳ್ಳೆಯ ಮಾತು ಅದು.

ಇನ್ನು ಚರೆಯ ನಂಬರು. ಭಾವ ಬೇರೆಬೇರೆ ತೋಟಾಗಳನ್ನು ಗ್ಯಾರೇಜಿನಲ್ಲಿ ಬಿಚ್ಚಿ ಚರೆಗಳನ್ನು ವಿಂಗಡಿಸಿದರು. ವಿಂಗಡಿಸಿದ್ದನ್ನು ಇಡುವುದೆಲ್ಲಿ? ಸಣ್ಣ ಸಣ್ಣ ಬಟ್ಟಲುಗಳಿರುವ, ಮುಚ್ಚಳ ಭದ್ರವಾಗಿರುವ ಒಂದು ಪೆಟ್ಟಿಗೆ ಬೇಕು. ಅಂಥ ಪೆಟ್ಟಿಗೆ ಪ್ರತಿ ಕನ್ನಡಿಗರ ಮನೆಯಲ್ಲೂ ಒಂದಿರುತ್ತದೆ. ನೀವು ಊಹಿಸಿದ್ದು ಸರಿ. ಅಕ್ಕ ಊರಿನಿಂದ ತಂದ ಒಗ್ಗರಣೆ ಡಬ್ಬಿ! ಅವರು ಅದರ ಎರಡು ಬಟ್ಟಲುಗಳನ್ನು ಮಾತ್ರ ‘ಸ್ವಲ್ಪ ಹೊತ್ತಿಗೆ’ ಖಾಲಿ ಮಾಡಿಕೊಂಡಿದ್ದರು. ಸಾಸಿವೆಯ ಪಕ್ಕದಲ್ಲೇ ಎಂಟನೇ ನಂಬರು ಇಟ್ಟರೆ ಗಾತ್ರ ಹೋಲಿಸಲು ಸುಲಭ ಎನ್ನುವುದು ಎಂಜಿನಿಯರರ ಲೆಕ್ಕಾಚಾರ.

ಅಂದು ಅಕ್ಕ ಮೈಸೂರಿನಲ್ಲಿರುವ ನಮ್ಮಮ್ಮನ ಜೊತೆ ಫೋನಿನಲ್ಲಿದ್ದಳು. ಫೋನು ಭುಜಕ್ಕೂ ಕಿವಿಗೂ ನಡುವೆ, ಕೈಯಲ್ಲಿ ಒಗ್ಗರಣೆ ಸೌಟು. ಎಣ್ಣೆ ಕಾಯಿತು, ಚಮಚ ಬಿತ್ತು, ಸಾಸಿವೆ ಸಿಡಿಯಲಿಲ್ಲ. ಇನ್ನೊಂದು ಚಮಚ ಬಿತ್ತು. ಆಗಲೂ ಸಿಡಿಯಲಿಲ್ಲ. “ನೋಡಮ್ಮ, ಇಲ್ಲಿ ಇಂಡಿಯನ್ ಅಂಗಡೀಲಿ ಎಷ್ಟು ಹಳೇ ಸಾಸಿವೆ ಕೊಡ್ತಾರೆ ಅಂತ” ಎಂದು ಗೊಣಗುತ್ತಾ ಅವಳು ಅದನ್ನೇ ಸಾರಿಗೆ ಸುರಿದಳು. ಪಾತ್ರೆಯ ತಳದಲ್ಲಿ ಟಣಟಣ ಸದ್ದು. ಭಾವ ಗ್ಯಾರೇಜಿನಿಂದ ಓಡಿಬಂದರು.

“ಅದು ಎಂಟನೇ ನಂಬರ್! ಸಾಸಿವಿ ಎಡಗಡೆ ಅದ!”

ಸೀಸ ಬಿದ್ದ ಸಾರು, ಸೌಟು, ಪಾತ್ರೆ, ಕೊನೆಗೆ ಆ ಡಬ್ಬಿ ಕೂಡ ಕಸಕ್ಕೆ ಹೋದವು. ಆಸ್ಟಿನ್ನಿನಿಂದ ಸಾರಿಗೋಸ್ಕರ ಬಂದ ನಾನು ಒಣ ಪಿಜ್ಜಾ ತಿಂದೆ. ಪಿಜ್ಜಾ ಅರ್ಧ ಮುಗಿದಾಗ ಭಾವ ಮೆಲ್ಲಗೆ ಅಂದರು. “ಏನರೆ ಆಗಲಿ, ಎಂಟನೇ ನಂಬರ್ ಕರೆಕ್ಟ್ ಸಾಸಿವಿಯಷ್ಟೇ ಅದ ಅಂತ ಸಾಬೀತಾತು.” ಪಿಜ್ಜಾದ ಹಿಂದಿನಿಂದ ಯಾರೋ ಕಿಸಕ್ಕೆಂದರು. ಶಾಲ್ಮಲಾ. ಅಪ್ಪ ಹೇಳಿದ್ದಕ್ಕೆ ಅವಳು ನಕ್ಕಿದ್ದನ್ನು ನಾನು ಆ ವರ್ಷ ನೋಡಿದ್ದು ಅದೇ ಮೊದಲು. ಭಾವನ ಮುಖ ನೋಡಬೇಕಿತ್ತು ನೀವು.

ಆಮೇಲೆ ಡಲ್ಲಸ್. ಅಲ್ಲಿ ಬಂದೂಕುಗಳ ದೊಡ್ಡ ಸಂತೆ ಇದೆ ಎಂದು ಯಾರೋ ಹೇಳಿದರು. ಸೌತ್‌ಲೇಕಿನಲ್ಲಿದ್ದ ಪರಿಚಯದವರ ಮನೆಯಲ್ಲಿ ಉಪ್ಪಿಟ್ಟು ತಿಂದು ಭಾವ ಮತ್ತು ನಾನು ಹೋದೆವು. ಸಾಲುಸಾಲು ಮೇಜುಗಳು, ಗುಡ್ಡೆಗುಡ್ಡೆ ತೋಟಾ. ವ್ಯಾಪಾರಿಗಳು ವೇಗ ಎಷ್ಟು, ದೂರ ಎಷ್ಟು ಎಂದು ಉತ್ಸಾಹದಿಂದ ಶುರುಮಾಡುತ್ತಿದ್ದರು. ಭಾವ ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಒಂದೇ ಪ್ರಶ್ನೆ ಹಾಕುತ್ತಿದ್ದರು. ಇದನ್ನ ನಿಮ್ಮ ಮಗಳ ಕೈಗೆ ಕೊಡ್ತೀರಾ?

ಎದೆಯವರೆಗೆ ಗಡ್ಡ ಬಿಟ್ಟ ಒಬ್ಬ ಆಸಾಮಿ ತಬ್ಬಿಬ್ಬಾಗಿ, ತನಗೆ ಮಕ್ಕಳೇ ಇಲ್ಲ ಎಂದ. ಭಾವ ಡಬ್ಬಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ಅವನ ಕೈ ಕುಲುಕಿ, ಮುಂದೆ ನಡೆದರು. “ಮಗಳಿಲ್ಲದಾವನ ಹತ್ರ ತೋಟಾ ತಗೋಬಾರದು ನೋಡಪಾ.” ಇನ್ನೊಬ್ಬನಿಗೆ ಮೂವರು ಹೆಣ್ಣುಮಕ್ಕಳಿದ್ದರು. ಪಾಪ, ಪರ್ಸಿನಿಂದ ಫೋಟೋ ತೆಗೆದು ತೋರಿಸಿದ. ಅವನ ಮೇಜಿನ ಮುಂದೆ ಇಬ್ಬರೂ ನಿಂತು ಆಡಿದ ಮಾತು ಕೇಳಿದ್ದರೆ ಸಂಬಂಧ ಕುದುರುತ್ತಿದೆ ಎಂದೇ ಯಾರಾದರೂ ತಿಳಿಯಬೇಕು! ಆದರೂ ಒಂದು ನಂಬರಿಗೆ ಮನಸ್ಸು ನಿಲ್ಲಲಿಲ್ಲ. ಪ್ರತಿಯೊಂದರಲ್ಲೂ ಒಂದೊಂದು ಡಬ್ಬಿ ಕಾರಿಗೆ ಬಂತು. ಏಳೂವರೆ, ಎಂಟು, ಒಂಬತ್ತು. ಮದ್ದು ಹೆಚ್ಚಿನದು, ಮದ್ದು ಕಡಿಮೆಯದು. ಆ ಕಂಪನಿ, ಈ ಕಂಪನಿ. ಏಳೂವರೆ ಎಂಬ ನಂಬರು ನೋಡಿ ನನಗೆ ಶನಿಕಾಟದ ನೆನಪಾಯಿತು. ಆದರೆ ಭಾವನ ಎದುರು ಹಾಗೆನ್ನುವ ಧೈರ್ಯ ಬರಲಿಲ್ಲ.

ಅಲ್ಲಿಂದಾಚೆ ಪ್ರತಿ ಶನಿವಾರ ಭಾವ ಗುಂಡು ಹೊಡೆಯುವ ಮೈದಾನಕ್ಕೆ ಹೋಗತೊಡಗಿದರು. ದೊಡ್ಡ ಕಾಗದಕ್ಕೆ ಹೊಡೆದು ಚರೆ ಎಷ್ಟು ಸಮನಾಗಿ ಹರಡುತ್ತದೆ ಎಂದು ನೋಡಬೇಕಂತೆ. “ನೀವೇ ಹೊಡೀತೀರಾ?” ಎಂದು ಅಕ್ಕ ಅನುಮಾನದಿಂದ ಕೇಳಿದಳು. “ಛೇ ಛೇ, ಅಲ್ಲೊಬ್ಬಾಂವ ಹೊಡೀತಾನ. ನಾ ಬರೇ ತೂತು ಎಣಸ್ತೀನಿ” ಎಂದರು ಭಾವ. ನಮಗೆ ಅದು ನಿಜವೆನಿಸಿತು. ತೂತು ಎಣಿಸುವುದಕ್ಕೇ ಹುಟ್ಟಿದ ಜೀವ ಅಲ್ಲವೇ ಅದು!

ತೂತು ಬಿದ್ದ ಕಾಗದಗಳು ಊಟದ ಮೇಜಿನ ತುಂಬ ಹರಡಿಕೊಂಡವು. ಅಕ್ಕ ಒಂದೆರಡು ವಾರ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ವಾರ ತಡೆಯಲಾಗಲಿಲ್ಲ. ದಿನಾ ಬೆಳಿಗ್ಗೆ ಚುಕ್ಕಿ ಇಟ್ಟು ರಂಗೋಲಿ ಹಾಕುವ ಕೈ ಅದು. “ಇದು ಚೆನ್ನಾಗಿಲ್ಲ. ಇಲ್ನೋಡಿ, ಎಡಗಡೆ ಚುಕ್ಕಿ ಬಿಟ್ಟುಹೋಗಿದೆ. ಇದು ಗುಂಪುಗುಂಪಾಗಿದೆ. ಹಾಂ, ಇದು ಪರವಾಗಿಲ್ಲ, ಸಾಲು ನೇರವಾಗಿದೆ” ಎಂದು ಒಂದನ್ನು ಬೆರಳಿಟ್ಟು ತೋರಿಸಿದಳು. ಭಾವ ಕಾಗದದ ಹಿಂದೆ ನೋಡಿದರು. ಎಂಟನೇ ನಂಬರು, ಮದ್ದು ಕಡಿಮೆಯದು. ಅವರು ಹೆಂಡತಿಯನ್ನು ನೋಡಿದ ನೋಟದಲ್ಲಿ ಮದುವೆಯ ದಿನವೂ ಅಷ್ಟು ಗೌರವ ಇದ್ದಿರಲಾರದು.

ನನಗೆ ಮಾತ್ರ ಈ ವ್ರತ ದುಬಾರಿಯಾಗುತ್ತಿತ್ತು. ಭಾವ ಹುಲ್ಲು ಕತ್ತರಿಸುವುದನ್ನು ಬಿಟ್ಟುಬಿಟ್ಟರು. “ಸ್ವಲ್ಪ ನೀ ಮಾಡಪಾ” ಎಂದು ಆಗಸ್ಟಿನ ಬಿಸಿಲಲ್ಲಿ ಯಂತ್ರವನ್ನು ನನ್ನ ಕೈಗೆ ತಳ್ಳಿದರು. ಅಕ್ಕಿಮೂಟೆಯನ್ನೂ ನಾನೇ ಹೊರಬೇಕು. ತೋಟಾ ಶಾಸ್ತ್ರಜ್ಞರಾದ ಮೇಲೆ ಮೈ ಬಗ್ಗುವುದಿಲ್ಲ ಎಂದುಕೊಂಡು ನಾನು ಒಳಗೊಳಗೇ ಬೈದುಕೊಂಡೆ.

ಆ ವರ್ಷ ಗಣೇಶ ಚೌತಿ ಭಾನುವಾರ ಬಂತು. ಮರುದಿನವೇ ಸೆಪ್ಟೆಂಬರ್ ಒಂದು, ಲೇಬರ್ ಡೇ ರಜೆ, ಬೆಳವದ ಬೇಟೆ! ಭಾವನ ಮನೆಯಲ್ಲಿ ಒಂದೂವರೆ ದಿನದ ಗಣಪತಿ. ಪೂಜೆಗೆ ಅವರು ಎಂದೂ ಮೈಮೇಲೆ ಅಂಗಿ ಹಾಕಿದವರಲ್ಲ. ಮಡಿಯುಟ್ಟು, ಬರಿಮೈಯಲ್ಲಿ, ಗಟ್ಟಿ ಗಂಟಲಲ್ಲಿ ಮಂತ್ರ ಹೇಳುವವರು. ಅಂದು ಮಾತ್ರ ಧೋತ್ರದ ಮೇಲೆ ಬಿಳಿ ಜುಬ್ಬಾ ಹಾಕಿಕೊಂಡು ಬಂದು ಮಣೆಯ ಮೇಲೆ ಕೂತರು. ಅಕ್ಕ ಬೆಚ್ಚಿಬಿದ್ದಳು.

“ಏನ್ರೀ ಇದು, ಜುಬ್ಬಾ ಹಾಕ್ಕೊಂಡು ಪೂಜೆ?”

“ಎ.ಸಿ. ಭಾಳ ತಣ್ಣಗದ.”

ಹೊರಗೆ ಬೆಂಕಿಯಂಥ ಬಿಸಿಲು. ಅವರ ಹಣೆಯಿಂದ ಬೆವರು ಇಳಿದು ಗರಿಕೆಯ ಮೇಲೆ ಬೀಳುತ್ತಿತ್ತು.

ಗಣಪತಿಯನ್ನು ಸೋಮವಾರ ಸಂಜೆ ಬಿಡಬೇಕು, ಬೇಟೆ ಸೋಮವಾರ ಬೆಳಿಗ್ಗೆ ಲಿಯಾಂಡರಿನಲ್ಲಿ. ಏನು ಮಾಡುವುದು? ಭಾವ ಗಣಪತಿಯನ್ನೂ ಹೊರಡಿಸಿಬಿಟ್ಟರು! ಹೀಗೆ ಕದಲಿಸಬಹುದೇ ಎಂದು ಅಕ್ಕ ತಗಾದೆ ತೆಗೆದಳು. “ಹುಬ್ಬಳ್ಳ್ಯಾಗ ಲಾರಿ ಹತ್ತಿ ಊರು ತುಂಬ ತಿರಗತಾನ. ಇಲ್ಲೆ ಹೋಂಡಾ ಕಾರಿನ್ಯಾಗ ಕೂತ್ರ ಏನಾತು?” ಎಂದರು ಭಾವ. ಹೀಗೆ ಮುಂದೆ ಭಾವ, ಅಕ್ಕ, ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡ ಮಣ್ಣಿನ ಗಣಪ, ಪಕ್ಕದಲ್ಲಿ ಶಾಲ್ಮಲಾ, ಅವಳ ಕಾಲ ಬಳಿ ಮೋದಕದ ಡಬ್ಬಿ, ಡಿಕ್ಕಿಯಲ್ಲಿ ಬಂದೂಕು, ಹಳದಿ ತೋಟಾಗಳ ಡಬ್ಬಿ. ಆ ರಾತ್ರಿ ಆಸ್ಟಿನ್ನಿನ ನನ್ನ ಅಪಾರ್ಟ್‌ಮೆಂಟಿನಲ್ಲಿ ಮುಕ್ಕಾಂ. ನನ್ನ ರೂಂಮೇಟ್, ಮಂಗಳೂರಿನ ಕ್ರಿಶ್ಚಿಯನ್ ಹುಡುಗ, ಗಣಪತಿಗೆ ತನ್ನ ಓದುವ ಮೇಜು ಬಿಟ್ಟುಕೊಟ್ಟು ನೆಲದ ಮೇಲೆ ಕೂತು ಹೋಂವರ್ಕ್ ಮಾಡಿದ. ಬದಲಿಗೆ ಮೋದಕಗಳನ್ನು ಖಾಲಿ ಮಾಡಿದ.

ಬೆಳಕು ಹರಿಯುವಾಗ ನಾವು ಹೊಲದ ಅಂಚಿನಲ್ಲಿದ್ದೆವು. ಮುಂದೆ ಒಣಗಿ ನಿಂತ ಸೂರ್ಯಕಾಂತಿ. ಗೆಳತಿಯ ಅಜ್ಜ ಉದ್ದನೆಯ ಮನುಷ್ಯ, ಮಾತು ಕಡಿಮೆ. ಶಾಲ್ಮಲಾ ಬಂದೂಕು ಹಿಡಿದು ಸ್ಟೂಲಿನ ಮೇಲೆ ಕೂತಳು. ಅವಳ ಹಿಂದೆ ಕವುಚಿದ ಬಕೆಟ್ಟಿನ ಮೇಲೆ ಭಾವ, ತೊಡೆಯ ಮೇಲೆ ತೋಟಾ ಡಬ್ಬಿ. ಮೊದಲ ಬೆಳವ ರೊಯ್ಯನೆ ಬಂತು. ಶಾಲ್ಮಲಾ ಹೊಡೆದಳು, ತಪ್ಪಿತು. ಭಾವನ ಬಾಯಿಂದ ಮಗಳಿಗೊಂದು “ಛೇ”, ಹಕ್ಕಿಗೊಂದು “ಸದ್ಯ” ಒಂದೇ ಉಸಿರಿನಲ್ಲಿ ಹೊರಬಿದ್ದವು. ಎರಡನೆಯದೂ ತಪ್ಪಿತು. ಮೂರನೆಯದು ಬಿತ್ತು. ಅಜ್ಜ ಹ್ಯಾಟು ಎತ್ತಿ ಕೂಗಿದರು, ಗೆಳತಿ ಕುಣಿದಳು, ನಾನೂ ಕುಣಿದೆ. ಭಾವ ಕಣ್ಣುಮುಚ್ಚಿ ಗೋವಿಂದಾ ಎಂದರು. ಕಣ್ಣು ತೆರೆದು, ಮುಂದಿನ ತೋಟಾ ಮಗಳ ಕೈಗಿಟ್ಟರು.

ಬಿಸಿಲೇರುವವರೆಗೆ ಹೀಗೇ ನಡೆಯಿತು. ಹಕ್ಕಿಗಳೆಲ್ಲ ಅಜ್ಜನ ಅಡುಗೆಮನೆಗೆ ಹೋದವು. ಅಕ್ಕ ಮಗಳನ್ನು ಕಾರಿನ ಮರೆಗೆ ಕರೆದೊಯ್ದು ಭುಜ ನೋಡಿದಳು. ನಾವು ಈಚೆ ಕಾದು ನಿಂತೆವು. ಅಕ್ಕ ಹೊರಗೆ ಬಂದಳು.

“ಕಲೆ ಇಲ್ಲ. ಒಂದು ಗೆರೇನೂ ಇಲ್ಲ.”

ಶಾಲ್ಮಲಾ ಹೋ ಎಂದು ಕೂಗಿ ಗೆಳತಿಯನ್ನು ತಬ್ಬಿಕೊಂಡಳು. ಭಾವ ಗೆದ್ದರು! ಆದರೆ ಅವರನ್ನು ತಬ್ಬಿಕೊಳ್ಳಲು ಯಾರಿಗೂ ನೆನಪಾಗಲಿಲ್ಲ. ಅವರು ಖಾಲಿ ತೋಟಾಗಳನ್ನು ಬಕೆಟ್ಟಿಗೆ ಹಾಕುತ್ತಾ ಒಬ್ಬರೇ ನಗುತ್ತಿದ್ದರು.

ಸಂಜೆ ಹೊಲದ ಕೊನೆಯ ಕೆರೆಯಲ್ಲಿ, ದನಗಳು ನೀರು ಕುಡಿಯುವ ಕಡೆ, ಗಣಪತಿಯನ್ನು ಬಿಟ್ಟೆವು. ಯಾರೂ ಹೇಳದೆಯೇ ಅಜ್ಜ ಹ್ಯಾಟು ತೆಗೆದು ನಿಂತರು. ಅದೇ ಬಿಳಿ ಜುಬ್ಬಾದಲ್ಲಿ ಭಾವ ಗಣಪನನ್ನು ತಲೆಯ ಮೇಲೆ ಹೊತ್ತು ಎದೆಮಟ್ಟದ ನೀರಿಗಿಳಿದರು. ಎಡಗೈಯೊಂದರಲ್ಲೇ ಹಿಡಿದಿದ್ದರು. ನಾವು ಮೋರಯಾ ಎಂದೆವು. ಮೂರು ಸಲ ಮುಳುಗಿಸಿ ಬಿಟ್ಟು, ತಾವೂ ಒಂದು ಮುಳುಗು ಹಾಕಿ, ದಡಕ್ಕೆ ಬಂದರು.

ಒದ್ದೆಯಾದ ಜುಬ್ಬಾ ಮೈಗೆ ಅಂಟಿಕೊಂಡಿತ್ತು. ಬಿಳಿಬಟ್ಟೆಯ ಒಳಗಿಂದ ಬಲಭುಜ ಪೂರ್ತಿ ಕಾಣುತ್ತಿತ್ತು. ಕಪ್ಪು, ನೇರಳೆ, ಹಸಿರು, ಹಳದಿ. ಹಳೆಯ ಪೆಟ್ಟಿನ ಮೇಲೆ ಹೊಸ ಪೆಟ್ಟು. ಕುತ್ತಿಗೆಯ ಬುಡದಿಂದ ತೋಳಿನವರೆಗೆ ಸರಿಯಾದ ಬಣ್ಣದ ಚರ್ಮವೇ ಇರಲಿಲ್ಲ.

“ಇದೇನ್ರೀ?” ಎಂದಳು ಅಕ್ಕ.

“ಏನಿಲ್ಲ. ಸೊಳ್ಳಿ ಕಡದಾವ.”

ಅಜ್ಜನಿಗೆ ಕನ್ನಡ ಬಾರದು, ಆದರೆ ಅವರು ಆ ಭುಜ ನೋಡಿ ಮೆಲ್ಲಗೆ ತಲೆಯಾಡಿಸಿದರು. ಆಗ ನನಗೂ ತಿಳಿಯಿತು. ಮೈದಾನದಲ್ಲಿ ಹೊಡೆಯುವ ಇನ್ನೊಬ್ಬಾಂವ ಯಾರೂ ಇರಲಿಲ್ಲ. ಡಲ್ಲಸ್ಸಿನಿಂದ ತಂದ ಒಂದೊಂದು ಡಬ್ಬಿಯನ್ನೂ ಇವರೇ ತಮ್ಮ ಭುಜಕ್ಕಿಟ್ಟು ಹೊಡೆದು ನೋಡಿದ್ದರು. ಯಾವುದು ಜೋರಾಗಿ ಒದೆಯುತ್ತದೆ, ಯಾವುದು ಮೆತ್ತಗೆ ಎಂದು ಬೇರೆ ಹೇಗೆ ತಿಳಿಯಬೇಕು?

“ಭಾವ, ಭುಜಕ್ಕೆ ಒಂದು ಪ್ಯಾಡ್ ಆದ್ರೂ ಹಾಕ್ಕೋಬಾರದಿತ್ತಾ?” ಎಂದೆ. ಹುಲ್ಲು ಕತ್ತರಿಸುವಾಗ ಬೈದುಕೊಂಡದ್ದೆಲ್ಲ ನೆನಪಾಯಿತು.

“ಪ್ಯಾಡ್ ಹಾಕ್ಕೊಂಡ್ರ ಗೊತ್ತಾಗಬೇಕಲ್ಲಪಾ.”

ಆ ನೋವು ಎಂಥದ್ದೆಂದು ನಮ್ಮ ಪೈಕಿ ಶಾಲ್ಮಲಾ ಒಬ್ಬಳಿಗೇ ಗೊತ್ತಿತ್ತು. ಹಕ್ಕಿಗಳಿಗೆಂದು ತಂದ ಐಸ್ ಪೆಟ್ಟಿಗೆಯಲ್ಲಿ ಇನ್ನೂ ಐಸ್ ಉಳಿದಿತ್ತು. ಗಣಪತಿ ಬಿಡುವಾಗ ಹಾಕಿಕೊಂಡಿದ್ದ ದುಪಟ್ಟಾದಲ್ಲಿ ಎರಡು ಮುಷ್ಟಿ ಕಟ್ಟಿಕೊಂಡು ಬಂದಳು. ಭಾವ ಗಾಬರಿಯಿಂದ ಹಿಂದೆ ಸರಿದರು.

“ಅಪ್ಪಾ, ಸುಮ್ನ ಕೂಡು” ಎಂದಳು ಅವಳು.

ಅಪ್ಪಟ ಧಾರವಾಡದ ಕನ್ನಡ. ಎಲ್ಲಿಟ್ಟುಕೊಂಡಿದ್ದಳೋ ಇಷ್ಟು ದಿನ! ಭಾವ ತಟ್ಟನೆ ಬಕೆಟ್ಟಿನ ಮೇಲೆ ಕೂತರು. ಅವಳು ಜುಬ್ಬಾದ ಗುಂಡಿ ಬಿಚ್ಚಿ, ಐಸನ್ನು ಭುಜಕ್ಕೆ ಮೆಲ್ಲಗೆ ಒತ್ತಿದಳು. ಇಡೀ ಬೇಸಿಗೆ ಅಷ್ಟೊಂದು ಪೆಟ್ಟು ತಿಂದು ಅಯ್ಯೋ ಎನ್ನದವರ ಕಣ್ಣಿಂದ ದಳದಳ ನೀರು ಇಳಿಯತೊಡಗಿತು.

“ನೋವಾತೇನು?” ಎಂದು ಮಗಳು ಕೇಳಿದಳು.

“ಇಲ್ಲವ್ವಾ” ಎಂದರು ಭಾವ. “ಐಸ್ ಭಾಳ ತಣ್ಣಗದ.”